ಜೇಬಿನಲ್ಲಿದ್ದ ಪಿನ್ನು

ವಯೋಮಿಂಗ್‌ನ ಆ ಘಾಟಿ ಇಳಿಯುವಾಗ ಪಿಕಪ್ಪಿನ ಹಿಂದೆ, ಬಾಗಿದ ಕತ್ತನ್ನು ಅದರ ಮೇಲೆ ಊರಿ ಬರುವ ಗೂಸ್‌ನೆಕ್ ಟ್ರೇಲರಿನಲ್ಲಿ ನಮ್ಮ ಆರು ಕುದುರೆಗಳಿದ್ದವು. ಗಾಡಿ ನನ್ನ ಗಂಡ ರಾಯ್ಸ್‌ನ ಕೈಯಲ್ಲಿತ್ತು. ಟ್ರೇಲರ್ ಸಿಕ್ಕಿಸುವುದೂ ಅವನದೇ ಕೆಲಸ. ಕೊಂಡಿಯನ್ನು ಬೇರೆಯವರು ಬಗ್ಗಿ ನೋಡಿದರೂ ಉರಿದುಬೀಳುತ್ತಾನೆ, ದೊಡ್ಡ ಮನುಷ್ಯ.

ಪ್ರತಿ ಉಬ್ಬಿಗೂ ಬೆನ್ನ ಹಿಂದೆ ಠಣ್ ಎನ್ನುತ್ತಿತ್ತು. ಆಗ ಅವನ ಅಂಗಿಯ ಜೇಬಿನಲ್ಲಿ, ಕೊಂಡಿ ಬಿಚ್ಚಿಕೊಳ್ಳದಂತೆ ಹಾಕುವ ಪಿನ್ನು ಕಂಡಿತು.

“ರಾಯ್ಸ್, ಜೋರಾಗಿ ಬ್ರೇಕ್ ತುಳೀಬೇಡ. ಪಿನ್ನು ಹಾಕಿಲ್ಲ ನೀನು.”

“ಸುಮ್ನಿರೇ, ಹಾಕಿದ್ದೀನಿ.”

“ಜೇಬು ಮುಟ್ಟಿ ನೋಡ್ಕೊಳ್ಳೋ, ಮಹಾರಾಯ!”

ಮುಟ್ಟಿದ. ಬ್ರೇಕಿನ ಮೇಲಿನ ಕಾಲನ್ನು ಹಗುರ ಮಾಡಿದ. ಕೊಂಡಿ ಕಳಚದಂತೆ ಮೇಲಿನಿಂದ ಅದುಮಿ ಹಿಡಿದಿದ್ದದ್ದು ಕುದುರೆಗಳ ಭಾರವೊಂದೇ. ತೆವಳಿದಂತೆ ಇಳಿಸಿ, ರಸ್ತೆ ಅಗಲವಾದಲ್ಲಿ ನಿಲ್ಲಿಸಿದ.

ಪಿನ್ನು ಹಾಕಿ ಬಂದವನು ಕೀಲಿಯನ್ನು ನನ್ನ ಕೈಗಿಟ್ಟ. ನಾನು ಅವನೆದುರೇ ಹಿಂದೆ ಹೋಗಿ ಕೊಂಡಿಗೆ ಬಗ್ಗಿದೆ. ಬೈಗುಳಕ್ಕೆ ಕಾದೆ.

“ಎಳೆದೂ ನೋಡು,” ಅಂದ.