ಅಕ್ಕನ ಬೀದಿಗೆ ಹಳದಿ ಬಣ್ಣ

ನಗರಸಭೆಯ ಯೋಜನಾ ಶಾಖೆಯಲ್ಲಿ ಅವನನ್ನು ಎಲ್ಲರೂ ನಕ್ಷೆ ಸಾಹೇಬ ಎಂದೇ ಕರೆಯುತ್ತಿದ್ದರು. ಊರಿನ ಹೊಸ ವಲಯ ನಕ್ಷೆ ಹುಟ್ಟಿದ್ದು ಅವನ ಕೈಯಲ್ಲೇ. ಮನೆಗಳ ಬೀದಿಗೆ ಹಳದಿ, ಅಂಗಡಿಗಳ ಬೀದಿಗೆ ನೀಲಿ. ಹಳದಿ ಬೀದಿಯಲ್ಲಿ ಇನ್ನು ಮುಂದೆ ವ್ಯಾಪಾರ ಕೂಡದು. ಆದರೆ ಮೊದಲಿನಿಂದ ಇದ್ದ ಅಂಗಡಿಯೆಂದು ಸಮೀಕ್ಷೆಯಲ್ಲಿ ಗುರುತಾಗಿದ್ದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಯಾರ ಹೊಟ್ಟೆಯ ಮೇಲೂ ಹೊಡೆಯಬಾರದೆಂದು ಈ ನಿಯಮವನ್ನು ಹಟ ಹಿಡಿದು ಸೇರಿಸಿದವನೂ ಅವನೇ.

ಸಮೀಕ್ಷೆಯನ್ನು ಬೇರೆಯವರ ಮೇಲೆ ಬಿಡಲಿಲ್ಲ. ಬಿಸಿಲೆನ್ನದೆ ಬೀದಿ ಬೀದಿ ಸುತ್ತಿದ. ಮೆಟ್ಟಿಲ ಕೆಳಗೆ ಕೂತು ಚಪ್ಪಲಿ ಹೊಲಿಯುವವನನ್ನೂ ಬಿಡದೆ ಬರೆದುಕೊಂಡ. ಒಂದು ಬೀದಿಗೆ ಮಾತ್ರ ಕಾಲಿಡಲಿಲ್ಲ. ಅದು ಅವನು ಹುಟ್ಟಿ ಬೆಳೆದ ಬೀದಿ. ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತೇನೆ, ಹೋಗಿ ನೋಡುವುದೇನು ಎಂದು ಮೇಜಿನ ಮುಂದೆ ಕೂತೇ ನೆನಪಿನಿಂದ ಬರೆದ. ಮೂಲೆಯಲ್ಲಿದ್ದದ್ದು ಅಕ್ಕನ ಮನೆ. ‘ಮನೆ’ ಎಂದೇ ಬರೆದ.

ಆ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಅಂಗಡಿಯಿತ್ತು. ಭಾವ ತೀರಿಕೊಂಡ ಮೇಲೆ ಒಲೆ ಉರಿದದ್ದು ಅದರಿಂದಲೇ. ಇವನ ಅಂಗಿಗಳೂ ಅಲ್ಲಿಯವೇ, ಆದರೆ ತಮ್ಮನಿಂದ ಅವಳು ಒಂದು ದಿನವೂ ಕಾಸು ಮುಟ್ಟಿದವಳಲ್ಲ. ಹಾಗಾಗಿ ಅದು ಅವನ ಕಣ್ಣಿಗೆ ಅಂಗಡಿಯಾಗಿ ಕಂಡೇ ಇರಲಿಲ್ಲ. ಅಮ್ಮ ಅಡುಗೆ ಮಾಡಿದಂತೆ ಅಕ್ಕ ಹೊಲಿಯುತ್ತಾಳೆ, ಅಷ್ಟೇ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿದ್ದಾರೆಯೇ?

ಕರಡು ನಕ್ಷೆ ನಗರಸಭೆಯ ಗೋಡೆಯ ಮೇಲೆ ಒಂದು ತಿಂಗಳಿತ್ತು. ಆಕ್ಷೇಪಣೆಯಿದ್ದವರು ಬಂದು, ಜಗಳವಾಡಿ, ತಿದ್ದಿಸಿಕೊಂಡು ಹೋದರು. ಅಕ್ಕ ಬರಲಿಲ್ಲ. ಗಡುವು ಮುಗಿದು ನಕ್ಷೆಗೆ ಮುದ್ರೆ ಬಿತ್ತು. ಆಮೇಲೆ ಹಳದಿ ಬೀದಿಯ ಅಂಗಡಿಗಳೆಲ್ಲ ಹೊಸ ಪರವಾನಗಿ ಪಡೆಯಬೇಕೆಂದು ಆದೇಶವಾಯಿತು. ಅಕ್ಕನ ಅರ್ಜಿ ಅವನ ಮೇಜಿಗೇ ಬಂದಾಗ ಸಮೀಕ್ಷೆಯ ಪುಸ್ತಕ ತೆರೆದು ನೋಡಿದ, ಅವನದೇ ಕೈಬರಹದಲ್ಲಿ ‘ಮನೆ’ ಎಂದಿತ್ತು.

ತಪ್ಪು ನನ್ನದು ಎಂದು ಮೇಲಧಿಕಾರಿಯ ಮುಂದೆ ಅಂಗಲಾಚಿದ. ಅವರೇನೂ ಕೆಟ್ಟವರಲ್ಲ. ಆದರೆ ಸಾಹೇಬನ ಅಕ್ಕನಿಗಾಗಿ ಮುಗಿದ ನಕ್ಷೆ ತಿದ್ದಿದರೆ ನಾಳೆ ಊರೇ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದರು. ಮುಂದಿನ ಪರಿಷ್ಕರಣೆ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಅಕ್ಕನ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತದೆಯೇ?

ಅರ್ಜಿ ತಿರಸ್ಕರಿಸಿ ತಾನೇ ಸಹಿ ಹಾಕಿ, ಸಂಜೆ ಅಕ್ಕನ ಮನೆಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಬೋರ್ಡು ಇಳಿದಿತ್ತು, ಯಂತ್ರದ ಮೇಲೆ ಹಳೆಯ ಚಾದರ ಬಿದ್ದಿತ್ತು. ಅಕ್ಕ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಬೈಯಲಿಲ್ಲ.

“ನಕ್ಷೆ ಗೋಡೆ ಮೇಲಿದ್ದಾಗ ಒಂದ್ಸಲ ಬಂದು ನೋಡ್ಬಾರ್ದಿತ್ತಾ ಅಕ್ಕ?” ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ಪಕ್ಕದ್ಮನೆಯವಳು ಕರೆದ್ಲು. ನನ್ನ ತಮ್ಮ ಬರೆದಿರೋದು, ನಾನ್ಯಾಕೆ ಹೋಗಿ ನೋಡ್ಲಿ ಅಂದೆ.”

ಅಕ್ಕನ ಕಣ್ಣು ಅವನ ಅಂಗಿಯಲ್ಲಿ ನೇತಾಡುತ್ತಿದ್ದ ಗುಂಡಿಯ ಮೇಲೆ ಬಿತ್ತು. ಕೂರಿಸಿ, ಮೈಮೇಲಿದ್ದ ಹಾಗೆಯೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಹುಟ್ಟಿದ ಮೇಲೆ ಮೊದಲ ಸಲ ಅಕ್ಕನ ಹೊಲಿಗೆಗೆಂದು ಅವನ ಕೈ ಜೇಬಿಗೆ ಹೋಯಿತು.

“ದುಡ್ಡು ಕೊಡ್ಬೇಡ್ವೋ,” ಎಂದಳು ಅಕ್ಕ. “ಕೊಟ್ರೆ ಇದು ಅಂಗಡಿ ಆಗ್ಬಿಡುತ್ತೆ.”