ಭಾವನ ಹಾಗೆ

ಇಂಜಿನಿಯರಿಂಗ್, ಪಾಲಿಟೆಕ್ನಿಕ್, ಜವಳಿ ಮೂರೂ ಕಾಲೇಜುಗಳನ್ನು ಕಲಸಿ ಒಂದು ತಾಂತ್ರಿಕ ವಿಶ್ವವಿದ್ಯಾಲಯ ಮಾಡಿದಾಗ ಊರೆಲ್ಲ ಅದನ್ನು ವಿಲೀನ ಎಂದಿತು. ಅದರಲ್ಲಿ ನಾನಾದದ್ದು ಬರೀ ದೀನ.

ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಲ್ಯಾಬಿಗೆ ಹತ್ತೊಂಬತ್ತು ವರ್ಷ ನಾನೇ ಮುಖ್ಯಸ್ಥ. ಉಕ್ಕಿನ ಕಂಬಿಯನ್ನು ಯಂತ್ರದ ದವಡೆಗೆ ಕಚ್ಚಿಸಿ, ಎಷ್ಟು ಎಳೆದರೆ ಅದು ಸೋಲೊಪ್ಪುತ್ತದೆ ಎಂದು ನೋಡುವ ಕೆಲಸ. ಕಂಬಿ ಎಳೆಯುವುದು ನನ್ನ ವೃತ್ತಿ, ಕಾಲೆಳೆಯುವುದು ಪ್ರವೃತ್ತಿ. ಈಗ ಪಾಲಿಟೆಕ್ನಿಕ್ಕಿನ ಯಂತ್ರವೂ ನಮ್ಮ ಹಾಲಿಗೇ ಬಂತು. ಅದರ ಹಿಂದೆಯೇ, ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅದರ ಮುಖ್ಯಸ್ಥರೂ ಬಂದರು. ಕುರ್ಚಿ ಮಾತ್ರ ಒಂದೇ. ಬಂದವರು ಬೇರೆ ಯಾರಾದರೂ ಆಗಿದ್ದರೆ ಸಹಿಸಬಹುದಿತ್ತು. ಅವರು ನನ್ನ ಹೆಂಡತಿಯ ಅಣ್ಣ.

"ನಮ್ಮಣ್ಣ ಮಾಡಿದ್ ಕೆಲ್ಸ ತಿರುಗಿ ನೋಡೋ ಹಾಗಿಲ್ಲ," ಎಂದಳು ಹೆಂಡತಿ. "ನೀವು ಒಂದು ಬಲ್ಬ್ ಹಾಕೋಕೆ ಮೂರು ಸಲ ಏಣಿ ಹತ್ತಬೇಕು."

"ನಿಮ್ಮಣ್ಣ ಹಾಕೋ ಹೊತ್ತಿಗೆ ಬೆಳಗಾಗಿ ಬಲ್ಬೇ ಬೇಡ ಅನ್ಸುತ್ತೆ."

ಹೊಟ್ಟೆಕಿಚ್ಚಿಗೆ ನನಗೆ ಗೊತ್ತಿದ್ದ ಮದ್ದು ಮಿಮಿಕ್ರಿ. ಭಾವ ಕಂಬಿಯನ್ನು ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒರೆಸುತ್ತಾರೆ, ದವಡೆಯನ್ನು ಉಗುರಿನಿಂದ ಎರಡು ಸಲ ತಟ್ಟುತ್ತಾರೆ, ಚೂರು ಎಳೆದು ಬಿಟ್ಟು ಹಿಂದೆ ಸರಿಯುತ್ತಾರೆ, ಕೆಮ್ಮುತ್ತಾರೆ, ಬಚ್ಚಲು ಖಾಲಿಯಾಗಲಿ ಎಂದು ಕಾಯುವವರ ಹಾಗೆ ನಿಲ್ಲುತ್ತಾರೆ. ಆಮೇಲೆ ಚಕ್ರ ತಿರುಗಿಸುತ್ತಾರೆ, ತಿರುಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಇದನ್ನೆಲ್ಲ ಕ್ಯಾಂಟೀನಿನಲ್ಲಿ ಚಮಚ ಹಿಡಿದು ಮಾಡಿ ತೋರಿಸಿದೆ. ಲೈಬ್ರರಿ ಗುಮಾಸ್ತನಿಗೆ ನಕ್ಕು ನಕ್ಕು ಚಹಾ ಮೂಗಿಗೇರಿತು. ಹಿಂದಿನ ಬೆಂಚಿನಲ್ಲೇ ಕೂತಿದ್ದ ಭಾವ ಎದ್ದು ಬಂದು, "ಕೆಮ್ಮು ಇನ್ನೂ ಸ್ವಲ್ಪ ಒಳಗಿಂದ ಬರ್ಬೇಕು ನೋಡಿ," ಎಂದು ತಿದ್ದಿಕೊಟ್ಟು ಹೋದರು. ಕೋಪ ಮಾಡಿಕೊಂಡಿದ್ದರೆ ಅವತ್ತು ನನಗೆ ನಿದ್ದೆಯಾದರೂ ಬರುತ್ತಿತ್ತು.

ಕುರ್ಚಿ ಯಾರಿಗೆಂದು ತೀರ್ಮಾನಿಸಲು ಡೀನ್ ಮೇಡಂ ಪಂದ್ಯ ಇಟ್ಟರು. ಒಂದೇ ಸಲಾಕೆಯಿಂದ ಕತ್ತರಿಸಿದ ಏಳು ಕಂಬಿಗಳು. ತಲಾ ಮೂರು, ಒಂದು ಮೀಸಲು. ಆ ಉಕ್ಕು ಎಷ್ಟು ಎಳೆತಕ್ಕೆ ಸೋಲುತ್ತದೆ ಎಂಬ ಸರಿಯಾದ ಅಂಕಿ ಮುಚ್ಚಿದ ಲಕೋಟೆಯಲ್ಲಿ.

ಇಂಜಿನಿಯರಿಂಗ್ ಕಾಲೇಜಿನ ಗತ್ತು ತೋರಿಸೋಣವೆಂದು ನಾನು ಹತ್ತು ನಿಮಿಷದಲ್ಲಿ ಮೂರನ್ನೂ ಎಳೆದು ಬಿಸಾಡಿದೆ. ೩೧೮, ೩೩೧, ೩೨೫. ಭಾವ ತಮ್ಮ ಯಂತ್ರದಲ್ಲಿ ಬೆಳಗೆಲ್ಲ ಕಳೆದರು. ೩೧೨, ೩೧೩, ೩೧೨.

"ಲಕೋಟೆ ಊಟ ಆದ್ಮೇಲೆ," ಎಂದರು ಮೇಡಂ.

ಊಟದ ಬಿಡುವಿನಲ್ಲಿ ಗೆಳೆಯರು ಸುತ್ತುವರಿದರು. "ಮುಖ ಯಾಕೆ ಸುಟ್ಟ ಬದನೆಕಾಯಿ ಮಾಡ್ಕೊಂಡಿದೀರ? ಒಂದ್ಸಲ ಭಾವನ್ನ ಮಾಡಿ, ನಗೋಣ."

ಮೀಸಲು ಕಂಬಿಯನ್ನು ನನ್ನ ಯಂತ್ರಕ್ಕೇ ಕಚ್ಚಿಸಿದೆ. ಒರೆಸಿದೆ, ತಟ್ಟಿದೆ, ಚೂರು ಎಳೆದು ಸರಿದೆ, ಕೆಮ್ಮಿದೆ, ಕಾದೆ. ಚಕ್ರ ತಿರುಗಿತೋ ಇಲ್ಲವೋ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಳ್ಳು ನಿಂತದ್ದನ್ನು ನೋಡಿ ನಗು ಅಲ್ಲೇ ನಿಂತಿತು.

೩೧೨.

ಅವಸರದಲ್ಲಿ ಎಳೆದರೆ ಕಂಬಿ ತಾನು ಇರುವುದಕ್ಕಿಂತ ಗಟ್ಟಿ ಎಂದು ಜಂಬ ಕೊಚ್ಚುತ್ತದೆ. ಇದನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದವನೇ ನಾನು. ಆದರೆ ಆಗ ಉರಿದದ್ದು ಅದಕ್ಕಲ್ಲ. ಹತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿದ ಯಂತ್ರ, ಅವರ ಕೈಗೂ ಅಲ್ಲ, ಅವರ ಕೈಯ ನಕಲಿಗೇ ನಿಜ ಹೇಳಿಬಿಟ್ಟಿತು.

ಬಾಗಿಲಲ್ಲಿ ಮೇಡಂ ನಿಂತಿದ್ದರು, ಪಕ್ಕದಲ್ಲಿ ಭಾವ. "ಈ ರೀಡಿಂಗ್ ಯಾರ್ದು?"

ನನ್ನದು ಎಂದರೆ ಬೆಳಗಿನ ತಪ್ಪನ್ನು ಆಗಿನ್ನೂ ಬಿಸಿಯೇರದ ಯಂತ್ರದ ತಲೆಗೆ ಕಟ್ಟಬಹುದಿತ್ತು. ಬಾಯಿ ತೆರೆದೆ. ಬಂದದ್ದು ಭಾವನ ಧ್ವನಿ, ಇನ್ನೂ ಮೈಮೇಲಿಂದ ಇಳಿದಿರಲಿಲ್ಲ: "ನಿಧಾನಕ್ಕೆ ಹೇಳ್ತೀನಿ ಮೇಡಂ."

ಮೇಡಂ ಕೂಡ ನಕ್ಕರು. ನಗುತ್ತಲೇ ಲಕೋಟೆ ಹರಿದರು. ೩೧೨. ಕುರ್ಚಿ ಭಾವನಿಗೆ ಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾವ ಕೈಕಟ್ಟಿಕೊಂಡು, "ಜವಳಿ ಕಾಲೇಜಿಂದ ಬಂದಿರೋ ಆರು ಜನಕ್ಕೆ ಕಲಿಸೋದು ನನ್ನಿಂದ ಆಗಲ್ಲ ಮೇಡಂ," ಎಂದರು. "ನಾನೇನ್ ಮಾಡ್ತೀನಿ ಅನ್ನೋದು ನನಗೇ ಗೊತ್ತಾಗಲ್ಲ. ಇವರಿಗೆ ಪೂರ್ತಿ ಬಾಯಿಪಾಠ."

ಸೋಮವಾರ ಆರು ಜನರೂ ಪುಸ್ತಕ ಹಿಡಿದು ನನ್ನ ಸುತ್ತ ನಿಂತರು. ಕುರ್ಚಿಯಲ್ಲಿ ಭಾವ. ಭಾವನ ಎದುರಿಗೇ ಭಾವನ ಹಾಗೆ ಒಂದು ಕಂಬಿ ಎಳೆದೆ. ಕಲಿಯಲು ಬಂದವರು ಬರೆದುಕೊಂಡರು. ಎರಡನೆಯದಕ್ಕೆ ತಡೆಯಲಾಗಲಿಲ್ಲ, ನಾನೂ ಒಬ್ಬನಿದ್ದೇನೆ ಎಂದು ತಿಳಿಯಲಿ ಎಂದು ನನ್ನದೇ ರೀತಿಯಲ್ಲಿ, ತೋಳು ಬೀಸಿ, ಶಿಳ್ಳೆ ಹಾಕುತ್ತ, ಗರಗರ ಚಕ್ರ ತಿರುಗಿಸಿದೆ. ಮುಳ್ಳು ೩೨೯ಕ್ಕೆ ಹಾರಿತು.

ಆರೂ ಜನ ಬಿದ್ದು ಬಿದ್ದು ನಕ್ಕರು. "ಮಿಮಿಕ್ರಿ ಸೂಪರ್ ಸಾರ್," ಎಂದ ಒಬ್ಬ ಕಣ್ಣೊರೆಸಿಕೊಂಡು. "ಇದು ಯಾರು?"

"ನಮ್ಮ ಕಾಲೇಜಲ್ಲಿ ಒಬ್ಬ ಇದ್ದ," ಎಂದೆ.

ಕುರ್ಚಿಯಲ್ಲಿ ಭಾವ ಒಬ್ಬರೇ ನಗಲಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.