ಒಂದು ತಿಂಗಳ ಪ್ಯಾಕೇಜು

"ಸಿಕ್ಬುಟ್ರು! ಸಿಕ್ಬುಟ್ರು ಕಣ್ರಪ್ಪಾ!" ಎಂದು ಕೂಗುತ್ತ ಬಾಳೆಹಣ್ಣಿನವನು ತನ್ನ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಬಂದು ಚೌಡಯ್ಯನ ರಟ್ಟೆ ಹಿಡಿದುಕೊಂಡ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹತ್ತು ಗಂಟೆ. ನೋಡನೋಡುತ್ತ ಜನ ಸೇರಿದರು.

"ಬುಡಯ್ಯ ಕೈಯ. ನಾನೆಲ್ಗೂ ಓಗಿಲ್ಲ, ವಕೀಲ್ರ ನೋಡಕ್ಕೆ ಬಂದಿವ್ನಿ."

"ಇಂಥೋರು ಯಾವತ್ತು ಒಪ್ಕಂಡವ್ರೆ?" ಎಂದಳು ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು, ಹತ್ತಾರು ಹುಚ್ಚರನ್ನು ಸಾಕಿದವಳಂತೆ. "ಮೊದ್ಲು ಒಂದ್ ಅಣ್ಣು ಕೊಡಿ, ಸಮಾಧಾನ ಆಯ್ತದೆ."

ಹಣ್ಣು ಕೊಟ್ಟರು. ಚೌಡಯ್ಯ ತಿನ್ನಲಿಲ್ಲ. ಹಣ್ಣು ತಿನ್ನದಿರುವುದೂ ಅದೇ ಕಾಯಿಲೆಯ ಲಕ್ಷಣ ಎಂದು ಹಿಂದಿನಿಂದ ಯಾರೋ ಅಂದರು.

ಆ ವಾರದಲ್ಲಿ ಅವನು ಹೀಗೆ ಸಿಕ್ಕಿದ್ದು ನಾಲ್ಕನೆಯ ಸಲ.

ಕಾಣೆಯಾದದ್ದು ಮಾತ್ರ ಒಂದೇ ಸಲ, ಅದೂ ನಿಜವಾಗಿ ಅಲ್ಲ. ಮನೆಗೆ ಕೇಬಲ್ಲು ಬಂದ ಮೇಲೆ ಊಟದ ಹೊತ್ತು ಸಿನಿಮಾದ ಹೊತ್ತಾಗಿತ್ತು. ಒಂದು ಶುಕ್ರವಾರ ಮುದ್ದೆಯ ಮುಂದೆ ಕೂತು ಸಾರು ಕೇಳಿದರೆ ಸೊಸೆ, "ಈ ಸೀನೊಂದು ಮುಗೀಲಿ ಇರಿ ಮಾವ" ಅಂದಳು. ಚೌಡಯ್ಯ ಎದ್ದು ಕೈ ತೊಳೆದು, ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ನಾಗಮಂಗಲದ ಕಡೆ ಇರುವ ತಂಗಿ ಬೆಟ್ಟಮ್ಮನ ಮನೆಗೆ ಹೊರಟುಹೋದ. ಕೋಪ ಬಂದಾಗ ಅಲ್ಲಿಗೆ ಹೋಗುವುದು ನಲವತ್ತು ವರ್ಷದ ಪದ್ಧತಿ. ತಂಗಿ ಮೂರು ದಿನ ಕೋಳಿ ಕುಯ್ದು ಹಾಕುತ್ತಿದ್ದಳು, ನಾಲ್ಕನೆಯ ದಿನ ಅವನೇ ಹಿಂದಿರುಗುತ್ತಿದ್ದ. ಅವನ ಹೆಂಡತಿ ಇದ್ದಾಗ ಎರಡನೆಯ ದಿನಕ್ಕೆ ಯಾರನ್ನಾದರೂ ಕರೆಯಲು ಕಳಿಸುತ್ತಿದ್ದಳು. ಮಗ ಪುಟ್ಟರಾಜುವಿಗೆ ಎರಡು ಬಸ್ಸು ಬದಲಾಯಿಸುವುದಕ್ಕಿಂತ ಕೇಬಲ್ಲಿನವನ ಅಂಗಡಿ ಹತ್ತಿರವಾಯಿತು.

ಕೇಬಲ್ಲಿನ ದಿಲೀಪ ದಿನಕ್ಕೆರಡು ಸಿನಿಮಾ ಹಾಕುತ್ತಿದ್ದ. ನಡುನಡುವೆ ಊರಿನ ಜಾಹೀರಾತು. ರೇಷ್ಮೆ ಸೀರೆ ಅಂಗಡಿ ಮತ್ತು ಮೂಲವ್ಯಾಧಿ ಡಾಕ್ಟರ ನಡುವೆ ಚೌಡಯ್ಯನ ಮುಖ ಬಂತು. ಮಗನ ಮದುವೆಯ ಫೋಟೋದಿಂದ ಕತ್ತರಿಸಿದ್ದು, ತಲೆಯ ಮೇಲೆ ಪೇಟ, ಕಿವಿಯ ಪಕ್ಕ ಬೀಗಿತಿಯ ಮೊಣಕೈ. ಕೆಳಗೆ 'ಕಾಣೆಯಾಗಿದ್ದಾರೆ' ಎಂದೂ, 'ಬುದ್ಧಿ ಸ್ತಿಮಿತದಲ್ಲಿರುವುದಿಲ್ಲ, ಕಂಡವರು ಹಿಡಿದು ತಂದುಕೊಟ್ಟಲ್ಲಿ ಸೂಕ್ತ ಬಹುಮಾನ' ಎಂದೂ ಇತ್ತು. ಹಿನ್ನೆಲೆಗೆ ಶಹನಾಯಿ.

ವಕೀಲರ ಆಫೀಸಿಗೆ ಹೋಗಬೇಕಾದವನು, ಬಾಳೆಹಣ್ಣಿನವನ ಕೈಯಿಂದ ಬಿಡಿಸಿಕೊಂಡು, ನೆಟ್ಟಗೆ ದಿಲೀಪನ ಅಂಗಡಿಗೆ ನುಗ್ಗಿದ.

"ಲೇ, ನಂಗೆ ಬುದ್ಧಿ ಇಲ್ಲ ಅಂತ ಯಾವನ್ಲಾ ಏಳಿದ್ದು ನಿಂಗೆ?"

"ಯಾರೂ ಏಳಿಲ್ಲ ಯಜಮಾನ್ರೆ," ಎಂದ ದಿಲೀಪ ನಗುತ್ತ. "ಮೊದ್ಲು ಕೆ.ಆರ್. ಪೇಟೆ ಕಡೆಯೋರ್ದು ಒಂದ್ ಕೇಸಿತ್ತು. ಅದೇ ಬರಹಕ್ಕೆ ನಿಮ್ಮೆಸ್ರು, ಫೋಟೋ ಕೂರ್ಸ್ದೆ. ಆ ಸಾಲು ಅಲ್ಲೇ ಉಳ್ಕತು. ಇರ್ಲಿ ಬುಡಿ, ಅದಿದ್ರೆ ಜನಕ್ಕೆ ಕರುಣೆ ಬತ್ತದೆ."

"ನಾನ್ ಬಂದು ಅದ್ನೈದ್ ದಿನ ಆಯ್ತು. ತಗೀಲಾ ಅದ."

"ಒಂದ್ ತಿಂಗ್ಳ ಪ್ಯಾಕೇಜು. ಎಲ್ಲಾ ಜಾಹೀರಾತೂ ಒಂದೇ ಕ್ಯಾಸೆಟ್ನಲ್ಲಿವೆ. ನಿಮ್ಮನ್ನ ಅಳಿಸಕ್ಕೋದ್ರೆ ಸೀರೆ ಅಂಗ್ಡಿನೂ ಅಳ್ಸೋಯ್ತದೆ, ಅವ್ರು ನನ್ನ ಸುಮ್ಕೆ ಬುಟ್ಟಾರಾ? ನಿಮ್ಗೇನ್ ನಷ್ಟ ಯಜಮಾನ್ರೆ, ಜಿಲ್ಲೆಗೆಲ್ಲ ಪರಿಚಯ ಆಗಿದ್ದೀರಿ."

ನಷ್ಟ ಏನೆಂಬುದು ಚೌಡಯ್ಯನಿಗೆ ಗೊತ್ತಿತ್ತು. ಸೋಮವಾರ ಅವನು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

ದ್ಯಾವಮ್ಮ ಚೌಡಯ್ಯನದೇ ಊರಿನ ವಿಧವೆ. ಅವಳ ಗಂಡನಿಗೂ ಮೈದುನ ಕುಳ್ಳಯ್ಯನಿಗೂ ಭಾಗವಾದಾಗ ಐದು ಜನ ಪಂಚಾಯ್ತಿದಾರರು ನಿಂತು ಗದ್ದೆಯ ನಡುವೆ ಗಡಿಕಲ್ಲು ನೆಟ್ಟಿದ್ದರು. ಆಗಿನ ಕ್ರಮದಂತೆ ಅಣ್ಣತಮ್ಮಂದಿರನ್ನು ಬೆನ್ನು ತಿರುಗಿಸಿ ದೂರ ನಿಲ್ಲಿಸಿ, ಅದೇ ಗಡಿಯ ಗೆರೆಯಲ್ಲಿ, ಕಲ್ಲು ಬಿಟ್ಟು ಬೇರೊಂದು ಕಡೆ, ಆಳದಲ್ಲಿ ಒಂದು ಮಂಕರಿ ಇದ್ದಿಲು ಹೂತಿದ್ದರು. ಕಲ್ಲನ್ನು ಯಾವನೂ ಕೀಳಬಹುದು, ಇದ್ದಿಲು ಕೊಳೆಯುವುದಿಲ್ಲ. ಜಾಗ ಆ ಐವರಿಗೆ ಮಾತ್ರ ಗೊತ್ತು. ದ್ಯಾವಮ್ಮನ ಗಂಡ ಸತ್ತ ಮೇಲೆ ಕಲ್ಲು ಮೆಲ್ಲಗೆ ಅವಳ ಕಡೆಗೆ ಸರಿಯುತ್ತ ಬಂದು, ಈಗ ಅವಳ ಅರ್ಧ ಗದ್ದೆ ಕುಳ್ಳಯ್ಯನ ಪಾಲಾಗಿತ್ತು. ಐವರಲ್ಲಿ ಉಳಿದವನು ಚೌಡಯ್ಯ ಒಬ್ಬನೇ.

"ಜಾಗ ಮಾತ್ರ ಈಗ್ಲೇ ಬಾಯ್ಬುಡ್ಬೇಡಿ," ಎಂದು ದ್ಯಾವಮ್ಮನ ವಕೀಲರು ಮೂರು ಸಲ ಹೇಳಿದ್ದರು. "ಕೋರ್ಟಿನ ಕಡೆಯಿಂದ ಒಬ್ಬರನ್ನ ಗದ್ದೆಗೆ ಕಳಿಸ್ತಾರೆ. ಅವ್ರ ಎದುರಿಗೆ ತೋರ್ಸಿ, ಅವ್ರ ಎದುರಿಗೇ ಅಗೀಲಿ."

ಭಾನುವಾರ ಚೌಡಯ್ಯ ಮಗನನ್ನು ಕೇಳಿದ. "ನಾಳೆ ನೀನೂ ಬಾ. ಅದು ತಪ್ಪಾಗಿ ಬಂದದ್ದು ಅಂತ ಒಂದ್ ಮಾತೇಳು."

"ಕೋರ್ಟ್ನಲ್ಲಿ ನಿಂತು, ಸುಳ್ ಜಾಹೀರಾತು ಕೊಟ್ಟೋನು ನಾನೇ ಅನ್ಲಾ? ಆಫೀಸ್ನಲ್ಲಿ ತಲೆ ಎತ್ಬೇಕಾ ಬ್ಯಾಡ್ವಾ?" ಎಂದ ಪುಟ್ಟರಾಜು. "ನೀನ್ ಸಾರಿಗೆ ಅಂತ ಅಷ್ಟು ಕೋಪ ಮಾಡ್ಕೊಳ್ದೆ ಇದ್ದಿದ್ರೆ ಇದೆಲ್ಲ ಎಲ್ಲಿತ್ತಪ್ಪ?"

ಕುಳ್ಳಯ್ಯನ ಮನೆಯಲ್ಲೂ ಕೇಬಲ್ಲಿತ್ತು. ಸೋಮವಾರ ಅವನ ವಕೀಲರು ಜಾಹೀರಾತಿಗೆ ಬರೆದುಕೊಟ್ಟ ದಿಲೀಪನ ಅಂಗಡಿಯ ಚೀಟಿಯನ್ನೂ ಕೋರ್ಟಿಗೆ ತಂದಿದ್ದರು, ಅದರ ಕೆಳಗೆ ಪುಟ್ಟರಾಜುವಿನ ಸಹಿ.

"ಇದು ನಿಮ್ಮ ಮಗನ ಸಹಿ ತಾನೆ?"

"ಹೌದು ಸ್ವಾಮಿ."

"ನಿಮ್ಮ ಮಗ ಸುಳ್ಳುಗಾರನೇ?"

ಚೌಡಯ್ಯ ಮಗ ಬಂದಿದ್ದಾನೇನೋ ಎಂದು ಬಾಗಿಲ ಕಡೆ ನೋಡಿದ. ವಕೀಲರು ಅಷ್ಟು ಹೊತ್ತು ಕಾದು, ನ್ಯಾಯಾಧೀಶರ ಕಡೆ ತಿರುಗಿ, "ಸಾಕ್ಷಿಗೆ ಪ್ರಶ್ನೆ ಅರ್ಥವಾಗುತ್ತಿಲ್ಲ" ಅಂದರು. ಹಿಂದಿನ ಬೆಂಚಿನಲ್ಲಿ ಯಾರೋ ಶಹನಾಯಿಯನ್ನು ಮೂಗಿನಲ್ಲೇ ನುಡಿಸಿದರು. ನಗು ಹಬ್ಬಿತು. ಸಾಕ್ಷಿಕಟ್ಟೆಯಲ್ಲಿ ನಿಂತೇ ಚೌಡಯ್ಯ ಹೆಗಲ ಟವಲು ತೆಗೆದು ಕೊಡವಿದ. ಅದನ್ನೂ ವಕೀಲರು ತೋರಿಸಿದರು.

"ಹೋಗಲಿ, ಮೂವತ್ತು ವರ್ಷದ ಹಿಂದಿನ ಜಾಗ ಇವರಿಗೆ ನೆನಪಿದೆಯಂತೆ! ನಿನ್ನೆ ಏನು ತಿಂದಿರಿ ಯಜಮಾನ್ರೆ, ಅದಾದರೂ ನೆನಪಿದೆಯೇ?"

"ನೆಪ್ಪೈತೆ ಕಣಯ್ಯಾ!" ಚೌಡಯ್ಯನ ದನಿ ಸೂರಿಗೆ ಬಡಿಯಿತು. "ಎಲ್ಲಾ ನೆಪ್ಪೈತೆ! ತೂಬಿನ ಕಲ್ಲಿಂದ ಮೂಡ್ಲಾಗಿ ಇಪ್ಪತ್ತೆರಡು ಮಾರು, ಒಂಗೆ ಮರದ ನೇರಕ್ಕೆ! ಎದೆಯುದ್ದ ಅಗೀರಿ, ಇದ್ಲು ಸಿಗ್ನಿಲ್ಲ ಅಂದ್ರೆ ನಾನು ಉಚ್ಚ!"

ದ್ಯಾವಮ್ಮನ ವಕೀಲರು ಕಣ್ಣು ಮುಚ್ಚಿಕೊಂಡರು. ನಗು ನಿಂತಿತು. ಮೂಲೆಯಲ್ಲಿ ಕೂತಿದ್ದ ಕುಳ್ಳಯ್ಯ ಮಾತ್ರ ಮೊದಲೂ ನಕ್ಕಿರಲಿಲ್ಲ. ತುಟಿ ಅಲ್ಲಾಡಿಸುತ್ತ ಏನನ್ನೋ ಬಾಯಿಪಾಠ ಮಾಡಿಕೊಂಡ.

ನ್ಯಾಯಾಧೀಶರು ಒಳ್ಳೆಯವರು. ಸಾಕ್ಷಿಯ ಮನಸ್ಥಿತಿಯ ಬಗ್ಗೆ ಡಾಕ್ಟರ ಸರ್ಟಿಫಿಕೇಟು ತನ್ನಿ, ಆಮೇಲೆ ಗದ್ದೆಗೆ ಜನ ಕಳಿಸುವ ವಿಚಾರ ನೋಡೋಣ ಎಂದು ಮುಂದಿನ ತಿಂಗಳಿಗೆ ತಾರೀಕು ಕೊಟ್ಟರು.

ಹೊರಗೆ ಬಂದಾಗ ದ್ಯಾವಮ್ಮ ಹುಣಸೆಮರದ ಕೆಳಗೆ ನಿಂತಿದ್ದಳು. "ಹೇಳ್ಬುಟ್ಯಲ್ಲ ಚೌಡಣ್ಣ," ಅಂದಳು. ಅಷ್ಟೇ ಅಂದಳು.

ಮರುದಿನ ಬೆಳಗ್ಗೆ ಚೌಡಯ್ಯ ಕಾಲುವೆ ಏರಿ ಹಿಡಿದು ಓಡುನಡಿಗೆಯಲ್ಲಿ ಹೋದ. ಹೊಂಗೆ ಮರದ ನೇರಕ್ಕೆ ಕುಳ್ಳಯ್ಯನ ಟ್ರಾಕ್ಟರು ಹಿಂದಕ್ಕೆ ಮುಂದಕ್ಕೆ ಆಡುತ್ತಿತ್ತು. ಪಕ್ಕದಲ್ಲಿ ನಾಲ್ಕು ಆಳು, ಎದೆಯುದ್ದದ ಗುಂಡಿ. ಮಣ್ಣು ಸಮೇತ ಮಂಕರಿಯಲ್ಲಿ ತುಂಬಿ ತುಂಬಿ ಕಾಲುವೆಯ ನೀರಿಗೆ ಸುರಿಯುತ್ತಿದ್ದರು. ನೀರು ಕಪ್ಪಗಾಗಿ ಅವನ ಕಾಲ ಬುಡದಲ್ಲೇ ಹರಿದುಹೋಗುತ್ತಿತ್ತು.

ಹಾಲಿನ ಕ್ಯಾನು ಕಟ್ಟಿಕೊಂಡು ಏರಿಯ ಮೇಲೆ ಬರುತ್ತಿದ್ದ ಬೇರೆ ಊರಿನ ಸೈಕಲ್ಲಿನವನೊಬ್ಬ ಇವನ ಮುಖ ನೋಡಿ ಕೆಳಗಿಳಿದ. ಮತ್ತೊಮ್ಮೆ ನೋಡಿ, ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಬಂದು ಮೆತ್ತಗೆ ಕೈ ಹಿಡಿದ.

"ಬಾ ತಾತ. ಮನೇಲಿ ಎಲ್ರೂ ಉಡುಕ್ತಾವ್ರೆ."

"ಇದ್ಲು," ಎಂದ ಚೌಡಯ್ಯ, ನೀರು ತೋರಿಸುತ್ತ. "ನೋಡು, ಇದ್ಲು."

"ಊಂ ಕಣ್ತಾತ, ಇದ್ಲೇ," ಎಂದ ಅವನು, ನೀರಿನ ಕಡೆ ನೋಡದೆ. "ಬಾ, ಓಗವಾ."

ಚೌಡಯ್ಯ ಕೈ ಬಿಡಿಸಿಕೊಳ್ಳಲಿಲ್ಲ. ಸೈಕಲ್ಲಿನವನು ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಅವನನ್ನು ಹಿಡಿದು ನಡೆಸಿಕೊಂಡು ಹೊರಟ. ಕ್ಯಾನುಗಳು ಒಂದಕ್ಕೊಂದು ತಾಗಿ ಟಣ್ ಟಣ್ ಅನ್ನುತ್ತಿದ್ದವು.